ಹೆಸರು ಅಳಿಸದೆ ಮಗುವನ್ನು ಅಪ್ಪಿಕೊಳ್ಳೋಣ

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದತ್ತು ಮತ್ತು ಅನಾಥ ಮಕ್ಕಳ ಪೋಷಣೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಹೇಳಿದಾಗ, ಮದ್ರಸದಲ್ಲಿ ಓದಿದ ಗ್ರಂಥಗಳಿಗಿಂತ ಮೊದಲು ನನಗೆ ನೆನಪಾದದ್ದು ನಮ್ಮ ಊರಿನ ಒಂದು ಮದುವೆ ಮನೆ. ನಾನು ಆಗ ಮದ್ರಸದ ವಿದ್ಯಾರ್ಥಿ. ರಜೆಗೆಂದು ಊರಿಗೆ ಬಂದಿದ್ದೆ. ನಮ್ಮ ನೆರೆಮನೆಯ ಹುಡುಗಿಯ ನಿಕಾಹ್ ನಿಶ್ಚಯವಾಗಿತ್ತು. ಚಪ್ಪರ ಏರಿತ್ತು. ಹುಡುಗಿಯ ಕೈಗೆ ಮದರಂಗಿ ಹಚ್ಚಿಯೂ ಆಗಿತ್ತು. ಆ ಸಂಜೆ ಮಸೀದಿಯ ಖತೀಬರು ನಿಕಾಹ್ ದಫ್ತರದ ವಿವರ ಬರೆದುಕೊಳ್ಳಲು ಮನೆಗೆ ಬಂದರು. ತಂದೆಯ ಹೆಸರು ಕೇಳಿದರು. ಮನೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ಇಪ್ಪತ್ತು ವರ್ಷಗಳಿಂದ ಉಪ್ಪ ಎಂದು ಕರೆದವರು ಆಕೆಯ ದೊಡ್ಡಪ್ಪನಾಗಿದ್ದರು. ಚಿಕ್ಕಪ್ಪ ಎಂದು ಕರೆಯುತ್ತಿದ್ದವರೇ ಹೆತ್ತ ತಂದೆ. ತಂದೆ ಜೀವಂತ ಇರುವಾಗ ವಲೀ ಆಗಿ ಬೇರೆಯವರು ಕೂರುವಂತಿಲ್ಲ ಎಂದು ಖತೀಬರು ಹೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆ ಮಾತು ಒಳಮನೆಯವರೆಗೆ ತಲುಪಿತು.

ಮದುವೆ ನಡೆಯಿತು. ಆದರೆ ಆ ರಾತ್ರಿ ಆಕೆ ಕೇಳಿದ ಒಂದು ಪ್ರಶ್ನೆಯನ್ನು ನನ್ನ ಉಮ್ಮ ಇಂದಿಗೂ ನೆನಪಿಸಿಕೊಳ್ಳುತ್ತಾರೆ. ನನ್ನನ್ನು ಯಾಕೆ ಕೊಟ್ಟಿರಿ ಎಂದು ಆಕೆ ಕೇಳಲಿಲ್ಲ. "ಇಡೀ ಊರಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ, ಅಲ್ಲವೇ?" ಎಂದು ಕೇಳಿದಳು.

ಇನ್ನೊಂದು ಸಂಗತಿ ಇದೆ. ಅದನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಅದೇ ಹುಡುಗಿಯನ್ನು ಆ "ಚಿಕ್ಕಪ್ಪ"ನ ಮಗನಿಗೆ ತಂದುಕೊಳ್ಳಬಹುದಲ್ಲ ಎಂದು, ವಿಷಯ ತಿಳಿಯದ ಬಂಧುವೊಬ್ಬರು ತಮಾಷೆಗೆ ಹೇಳಿದ್ದರಂತೆ. ಚಿಕ್ಕಪ್ಪನ ಮಗನೊಂದಿಗೆ ವಿವಾಹ ನಮ್ಮಲ್ಲಿ ನಿಷಿದ್ಧವಲ್ಲ. ಆದರೆ ಅವನು ಆಕೆಯ ಒಡಹುಟ್ಟಿದ ಅಣ್ಣನಾಗಿದ್ದ. ಹಿರಿಯರು ಗಾಬರಿಯಿಂದ ಮಾತು ತಿರುಗಿಸಿದರು. ಹಿರಿಯರು ಬದುಕಿದ್ದರು, ಅದರಿಂದ ಅನಾಹುತ ತಪ್ಪಿತು. ಅವರು ಇಲ್ಲದೇ ಹೋಗಿದ್ದರೆ?

ಸಹೋದರ ಸಹೋದರಿಯರೇ, ಆ ದೊಡ್ಡಪ್ಪ, ದೊಡ್ಡಮ್ಮ ಕೆಟ್ಟವರಾಗಿರಲಿಲ್ಲ. ಮಕ್ಕಳಿಲ್ಲದ ಆ ದಂಪತಿ ಮಗುವನ್ನು ಕಣ್ಣರೆಪ್ಪೆಯಂತೆ ಸಾಕಿದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಸತ್ಯದಲ್ಲಿ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಪರರ ಮಗುವನ್ನು ಮನೆಗೆ ತರುವುದನ್ನು ಇಸ್ಲಾಮ್ ತಡೆದಿಲ್ಲ, ಆ ಮಗುವಿನ ಗುರುತನ್ನು ಅಳಿಸುವುದನ್ನು ತಡೆದಿದೆ. ಈ ಎರಡನ್ನು ಬೆರೆಸಿಕೊಂಡು ನಾವು ಎರಡು ಬಗೆಯ ತಪ್ಪು ಮಾಡುತ್ತಿದ್ದೇವೆ. ಕೆಲವರು ಮಗುವನ್ನು ತಂದು ಸತ್ಯವನ್ನು ಹೂಳುತ್ತಾರೆ. ಬಹಳಷ್ಟು ಮಂದಿ, ದತ್ತು ಹರಾಮ್ ಅಲ್ಲವೇ ಎಂದು ಹೇಳಿ ಬಾಗಿಲನ್ನೇ ಮುಚ್ಚಿಕೊಳ್ಳುತ್ತಾರೆ.

ಧರ್ಮ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಅಲ್ ಅಹ್‌ಝಾಬ್ ಅಧ್ಯಾಯದ 4 ಮತ್ತು 5ನೇ ಸೂಕ್ತಗಳು ಈ ವಿಷಯದ ಮೂಲ. ಬಾಯಿಮಾತಿನಿಂದ ಒಬ್ಬರ ಮಗು ಇನ್ನೊಬ್ಬರ ಮಗುವಾಗದು, ಸಾಕಿದ ಮಕ್ಕಳನ್ನು ಅವರ ತಂದೆಯ ಹೆಸರಿನಿಂದಲೇ ಕರೆಯಬೇಕು ಎಂಬುದು ಅವುಗಳ ತಾತ್ಪರ್ಯ. ಈ ಆದೇಶ ಬಂದ ಹಿನ್ನೆಲೆ ನಿಮಗೆ ಗೊತ್ತಿದೆ. ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ ಉಕಾಝ್ ಸಂತೆಯಲ್ಲಿ ಮಾರಾಟವಾದ ಝೈದ್(ರ) ಎಂಬ ಹುಡುಗ ಹಝ್ರತ್ ಖದೀಜಾ(ರ)ರ ಮೂಲಕ ಪ್ರವಾದಿ(ಸ)ರ ಮನೆ ಸೇರಿದರು. ಮಗನನ್ನು ಹುಡುಕುತ್ತಾ ತಂದೆ ಹಾರಿಸಾ ಮಕ್ಕಾಕ್ಕೆ ಬಂದರು. ಹೋಗುವುದೋ ಉಳಿಯುವುದೋ ಎಂಬ ತೀರ್ಮಾನವನ್ನು ಪ್ರವಾದಿ(ಸ) ಹುಡುಗನಿಗೇ ಬಿಟ್ಟರು. ಝೈದ್ ಉಳಿಯುವುದನ್ನು ಆರಿಸಿಕೊಂಡರು. ಅಂದಿನ ಪದ್ಧತಿಯಂತೆ ಅವರು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯಲ್ಪಟ್ಟರು. ಸೂಕ್ತ ಅವತೀರ್ಣವಾದ ಬಳಿಕ ಮತ್ತೆ ಝೈದ್ ಬಿನ್ ಹಾರಿಸಾ ಆದರು.

ಹೆಸರು ಬದಲಾದದ್ದರಿಂದ ಝೈದ್‌ರ ಸ್ಥಾನ ಕಡಿಮೆಯಾಯಿತೇ? ಇಲ್ಲ. ಕುರ್‌ಆನಿನಲ್ಲಿ ಹೆಸರು ಹೇಳಿ ಪ್ರಸ್ತಾಪಿಸಲಾದ ಏಕೈಕ ಸಹಾಬಿ ಅವರು. ಮುಅ್ತಾ ಯುದ್ಧದಲ್ಲಿ ಸೇನೆಯ ನಾಯಕತ್ವವನ್ನು ಪ್ರವಾದಿ(ಸ) ಅವರಿಗೇ ವಹಿಸಿದರು. ಅವರ ಮಗ ಉಸಾಮಾ(ರ)ರನ್ನು ತಮ್ಮ ಮೊಮ್ಮಗನಂತೆಯೇ ಪ್ರೀತಿಸಿದರು. ಗುರುತು ತಂದೆಯದು, ಪ್ರೀತಿ ಸಾಕಿದವರದು. ಎರಡೂ ಒಟ್ಟಿಗೆ ಇರಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ತಂದೆ ಯಾರೆಂದೇ ತಿಳಿಯದ ಮಗುವಿನ ಗತಿ ಏನು ಎಂದು ಕೆಲವರು ಕೇಳುತ್ತಾರೆ. ಅದೇ 5ನೇ ಸೂಕ್ತದಲ್ಲಿ ಅದಕ್ಕೂ ಉತ್ತರವಿದೆ. ಅಂತಹವರು ನಿಮ್ಮ ಧರ್ಮ ಸಹೋದರರು ಮತ್ತು ಆಪ್ತರು ಎಂದು ಅದು ತಿಳಿಸುತ್ತದೆ. ಅಬೂ ಹುದೈಫಾ(ರ) ಸಾಕಿದ ಸಾಲಿಮ್(ರ) ಹಾಗೆಯೇ "ಅಬೂ ಹುದೈಫಾರ ಆಪ್ತ ಸಾಲಿಮ್" ಎಂದು ಕರೆಯಲ್ಪಟ್ಟರು. ಪ್ರವಾದಿ(ಸ) ಮದೀನಕ್ಕೆ ಬರುವ ಮುನ್ನ ಕುಬಾದಲ್ಲಿ ಮೊದಲ ವಲಸಿಗರ ನಮಾಝ್‌ಗೆ ಇಮಾಮರಾಗಿ ನಿಂತವರು ಇದೇ ಸಾಲಿಮ್. ಹಿಂದೆ ನಿಂತವರಲ್ಲಿ ಹಝ್ರತ್ ಉಮರ್(ರ) ಕೂಡಾ ಇದ್ದರು. ಇಂದು ತೊಟ್ಟಿಯ ಬಳಿ ಸಿಕ್ಕಿದ ಮಗು ಎಂದು ಮೂಗು ಮುರಿಯುವ ನಮ್ಮ ಮೊಹಲ್ಲಾಗಳು ಆ ಸಫ್ ಅನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು.

ಅಂದರೆ, ಧರ್ಮ ನಮಗೆ ಕೊಟ್ಟಿರುವ ದಾರಿಗೆ ಕಫಾಲತ್ ಎಂದು ಹೆಸರು. ಮಗುವಿನ ಹೊಣೆ ಹೊರುವುದು ಎಂದರ್ಥ. ಹಝ್ರತ್ ಝಕರಿಯ್ಯಾ(ಅ) ಬಾಲಕಿ ಮರ್ಯಮ್‌ರ ಹೊಣೆ ಹೊತ್ತದ್ದನ್ನು ಹೇಳುವಾಗ ಕುರ್‌ಆನ್ ಬಳಸಿದ್ದು ಇದೇ ಮೂಲದ ಪದವನ್ನು. ಮೂಸಾ(ಅ) ಬೆಳೆದದ್ದು ಪರರ ಅರಮನೆಯಲ್ಲಿ. ಯೂಸುಫ್(ಅ) ಬೆಳೆದದ್ದು ಈಜಿಪ್ಟಿನ ಪರರ ಮನೆಯಲ್ಲಿ. ನಮ್ಮ ಪ್ರವಾದಿ(ಸ)ರಂತೂ ಹುಟ್ಟುವ ಮೊದಲೇ ತಂದೆಯನ್ನು, ಆರನೆಯ ವಯಸ್ಸಿನಲ್ಲಿ ತಾಯಿಯನ್ನು, ಎಂಟನೆಯ ವಯಸ್ಸಿನಲ್ಲಿ ಅಜ್ಜನನ್ನು ಕಳೆದುಕೊಂಡು ದೊಡ್ಡಪ್ಪ ಅಬೂತಾಲಿಬ್‌ರ ಮನೆಯಲ್ಲಿ ಬೆಳೆದವರು. ಅನಾಥನ ಹೊಣೆ ಹೊತ್ತವನು ಸ್ವರ್ಗದಲ್ಲಿ ತಮಗೆ ಎಷ್ಟು ಹತ್ತಿರ ಇರುವನು ಎಂಬುದನ್ನು ಅವರು ತಮ್ಮ ಎರಡು ಬೆರಳುಗಳನ್ನು ತೋರಿಸಿ ತಿಳಿಸಿದ್ದಾರೆ. ಆ ಎರಡು ಬೆರಳುಗಳ ನಡುವಿನ ಅಂತರ ನಮ್ಮ ಭಾಷಣಗಳಲ್ಲಿ ಕಡಿಮೆ ಇದೆ, ನಮ್ಮ ಮನೆಗಳಲ್ಲಿ ಮಾತ್ರ ಬಹಳ ದೊಡ್ಡದಾಗಿದೆ.

ನಾವು ಯತೀಮ್‌ಖಾನಾಗಳನ್ನು ಕಟ್ಟಿದ್ದೇವೆ. ಅವುಗಳ ಸೇವೆಯನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಸಹಪಾಠಿಗಳಲ್ಲಿ ಹಲವರು ಅಲ್ಲಿಂದಲೇ ಬಂದವರು. ಆದರೆ ಈದ್ ರಜೆಗೆ ನಾವೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಗೇಟಿನವರೆಗೆ ಬಂದು ನಿಲ್ಲುತ್ತಿದ್ದ ಆ ಹುಡುಗರ ಮುಖವನ್ನು ನಾನು ಮರೆತಿಲ್ಲ. ಅವರಿಗೆ ಬಿರಿಯಾನಿ ಸಿಗುತ್ತಿತ್ತು, ಹೊಸ ಬಟ್ಟೆ ಸಿಗುತ್ತಿತ್ತು. ಜ್ವರ ಬಂದ ರಾತ್ರಿ ಹಣೆ ಮುಟ್ಟಿ ನೋಡುವ ಕೈ ಮಾತ್ರ ಸಿಗುತ್ತಿರಲಿಲ್ಲ. ಮಗುವಿಗೆ ಮನೆ ಮೊದಲು, ಸಂಸ್ಥೆ ಕೊನೆಯ ಆಸರೆ. 2015ರ ಬಾಲನ್ಯಾಯ ಕಾಯ್ದೆಯ ಮೂಲ ತತ್ವವೂ ಇದೇ ಆಗಿದೆ. ಅಂದಹಾಗೆ, ಮಕ್ಕಳನ್ನು ಇರಿಸಿಕೊಳ್ಳುವ ಇಂತಹ ಯಾವುದೇ ಸಂಸ್ಥೆ ಈ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯ ಎಂಬುದನ್ನು ಆಡಳಿತ ಸಮಿತಿಗಳು ಮರೆಯಬಾರದು.

ಈಗ ಪ್ರಾಯೋಗಿಕ ಮಾತಿಗೆ ಬರೋಣ. ಒಂದು ಮಗುವನ್ನು ಮನೆಗೆ ತರಬೇಕೆಂದು ಮನಸ್ಸು ಮಾಡಿರುವ ಮುಸ್ಲಿಮ್ ಕುಟುಂಬಕ್ಕೆ ಈ ದೇಶದಲ್ಲಿ ಯಾವ ದಾರಿಗಳಿವೆ? 1956ರ ಹಿಂದೂ ದತ್ತಕ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಆದರೂ ಮೂರು ದಾರಿಗಳಿವೆ.

ಮೊದಲನೆಯದು, 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ. ಮಗು ವಾಸಿಸುವ ಪ್ರದೇಶದ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಮಗುವಿನ ರಕ್ಷಕರಾಗಿ ನೇಮಕಗೊಳ್ಳಬಹುದು. ಮಗುವಿಗೆ 18 ವರ್ಷ ತುಂಬುವವರೆಗೆ ಈ ಹೊಣೆ ಇರುತ್ತದೆ. ಮಗುವಿನ ವಂಶ, ಹೆಸರು ಯಾವುದೂ ಬದಲಾಗದು. ತಂದೆ ಬದುಕಿದ್ದು ಅನರ್ಹನಲ್ಲದಿರುವಾಗ ನ್ಯಾಯಾಲಯ ಬೇರೆಯವರನ್ನು ನೇಮಿಸದು. ಆದ್ದರಿಂದ ಇದು ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ, ಅಂದರೆ ಫಿಕ್‌ಹ್‌ನ ಅರ್ಥದಲ್ಲಿ ನಿಜವಾದ ಯತೀಮರಿಗೆ, ಹೆಚ್ಚು ಹೊಂದುವ ದಾರಿ. ತಮ್ಮನೋ ಭಾವನೋ ತೀರಿಕೊಂಡ ಬಳಿಕ ಅವರ ಮಕ್ಕಳನ್ನು ಸಾಕುತ್ತಿರುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ, ಶಸ್ತ್ರಚಿಕಿತ್ಸೆಗೆ ಸಹಿ ಹಾಕುವಾಗ ಆ ಕಾಗದದ ಬೆಲೆ ತಿಳಿಯುತ್ತದೆ. ಮಗುವಿಗೆ ತಂದೆಯಿಂದ ಬಂದ ಆಸ್ತಿ ಇದ್ದರೆ, ನ್ಯಾಯಾಲಯ ನೇಮಿಸಿದ ರಕ್ಷಕನು ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆ ಎಂಬ ಕುರ್‌ಆನಿನ ಎಚ್ಚರಿಕೆಯನ್ನು ನಂಬುವವರಿಗೆ ಈ ನಿಯಮ ಹೊರೆಯಾಗಬಾರದು.

ಎರಡನೆಯದು ಪೋಷಕತ್ವ. ಫಾಸ್ಟರ್ ಕೇರ್ ಎಂದು ಕಚೇರಿಗಳಲ್ಲಿ ಕರೆಯುವುದು ಇದನ್ನೇ. ಬಾಲನ್ಯಾಯ ಕಾಯ್ದೆಯ 44ನೇ ಕಲಮು ಇದಕ್ಕೆ ಅವಕಾಶ ನೀಡಿದೆ. ಹೆತ್ತವರ ಕಾಯಿಲೆ, ಸೆರೆವಾಸ, ಸಾವು, ಮನೆಯ ಕುಸಿತ ಮುಂತಾದ ಕಾರಣಗಳಿಂದ ಆರೈಕೆ ತಪ್ಪಿದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯು ತನಿಖೆ ನಡೆಸಿ ಅರ್ಹ ಕುಟುಂಬವೊಂದರ ವಶಕ್ಕೆ ಒಪ್ಪಿಸುತ್ತದೆ. 2024ರಲ್ಲಿ ಪರಿಷ್ಕರಿಸಲಾದ ಕೇಂದ್ರದ ಮಾದರಿ ಮಾರ್ಗಸೂಚಿಯಂತೆ ಆರು ವರ್ಷ ದಾಟಿದ ಮಕ್ಕಳನ್ನು ಹೀಗೆ ಒಪ್ಪಿಸಲಾಗುತ್ತದೆ. ದಂಪತಿ ಮಾತ್ರವಲ್ಲ, ವಿಧವೆಯರು, ಅವಿವಾಹಿತರು, ವಿಚ್ಛೇದಿತರೂ ಅರ್ಜಿ ಹಾಕಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿನ ಪೋಷಣೆಗೆ ತಿಂಗಳಿಗೆ 4,000 ರೂಪಾಯಿ ನೆರವಿನ ಅವಕಾಶವಿದೆ. ಇಲ್ಲಿ ಮಗುವಿನ ಹೆಸರು ಬದಲಾಗದು, ವಂಶ ಕಡಿಯದು, ಹೆತ್ತವರ ಸಂಪರ್ಕವೂ ಉಳಿಯಬಹುದು. ಕಫಾಲತ್‌ನ ವಿವರಣೆಯನ್ನು ಸರಕಾರಿ ಭಾಷೆಯಲ್ಲಿ ಬರೆದಂತಿದೆ ಇದು. ಆದರೂ ನಮ್ಮ ಜುಮಾ ಪ್ರವಚನಗಳಲ್ಲಿ ಇದರ ಪ್ರಸ್ತಾಪವನ್ನು ನಾನು ಕೇಳಿಲ್ಲ. ಒಂದು ಎಚ್ಚರಿಕೆ: ಈ ಮಗು ಒಂದು ದಿನ ತನ್ನ ಮನೆಗೆ ಮರಳಬಹುದು. ಮರಳಿದರೆ ಅದು ನಿಮ್ಮ ಸೋಲಲ್ಲ, ನಿಮ್ಮ ಸೇವೆಯ ಫಲ. ಆ ಅಗಲಿಕೆಯನ್ನು ತಾಳುವ ಮನಸ್ಸಿಲ್ಲದವರು ಈ ದಾರಿಗೆ ಇಳಿಯಬಾರದು.

ಮೂರನೆಯದು, ಬಾಲನ್ಯಾಯ ಕಾಯ್ದೆಯಡಿ ಪೂರ್ಣ ದತ್ತು. ಇದರ ಕುರಿತೇ ನಮ್ಮಲ್ಲಿ ವಾದವಿವಾದ ಹೆಚ್ಚು. ದತ್ತು ಪಡೆಯುವ ಹಕ್ಕು ಎಲ್ಲ ಧರ್ಮೀಯರಿಗೂ ಬೇಕೆಂದು ಶಬ್ನಮ್ ಹಾಶ್ಮಿಯವರು 2005ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದರು. ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು ನ್ಯಾಯಾಲಯದ ಮುಂದೆ ಕಫಾಲತ್‌ನ ಪರಿಕಲ್ಪನೆಯನ್ನು ಮಂಡಿಸಿತು. 2014ರ ಫೆಬ್ರವರಿ 19ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಮ್‌ರ ಪೀಠ ತೀರ್ಪಿತ್ತಿತು. ಬಾಲನ್ಯಾಯ ಕಾಯ್ದೆಯಂತೆ ಯಾವ ಧರ್ಮೀಯರೂ ದತ್ತು ಪಡೆಯಬಹುದು, ಆದರೆ ಯಾರಿಗೂ ಅದು ಕಡ್ಡಾಯವಲ್ಲ, ತಮ್ಮ ವೈಯಕ್ತಿಕ ಕಾನೂನಿನಂತೆ ನಡೆಯಲು ಬಯಸುವವರು ಹಾಗೆಯೇ ನಡೆಯಬಹುದು ಎಂಬುದು ಅದರ ಸಾರ. ದತ್ತು ಪಡೆಯುವುದನ್ನು ಮೂಲಭೂತ ಹಕ್ಕೆಂದು ಘೋಷಿಸಲು ಪೀಠ ಒಪ್ಪಲಿಲ್ಲ. ಆ ದಿನಗಳಲ್ಲಿ ಒಂದು ಪಕ್ಷ ಸಂಭ್ರಮಿಸಿತು, ಇನ್ನೊಂದು ಪಕ್ಷ ಶರೀಅತ್ ಅಪಾಯದಲ್ಲಿದೆ ಎಂದು ಕೂಗಿತು. ತೀರ್ಪನ್ನು ಓದಿದವರು ಎರಡು ಕಡೆಯಲ್ಲೂ ಕಡಿಮೆ. ಮಕ್ಕಳ ಬಗ್ಗೆ ಮಾತನಾಡಿದವರು ಇನ್ನೂ ಕಡಿಮೆ.

ಈ ದಾರಿಯಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ "ಕಾರಾ"ದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ತಯಾರಿಸುತ್ತಾರೆ. ದಂಪತಿಯ ದಾಂಪತ್ಯಕ್ಕೆ ಕನಿಷ್ಠ ಎರಡು ವರ್ಷ ಆಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. 2022ರ ನಿಯಮಗಳಂತೆ ಎರಡು ವರ್ಷದೊಳಗಿನ ಮಗು ಬೇಕಿದ್ದರೆ ಗಂಡ ಹೆಂಡಿರ ವಯಸ್ಸಿನ ಮೊತ್ತ 85ನ್ನು ಮೀರಬಾರದು. ಒಂಟಿ ಪುರುಷನಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. ಆದೇಶ ನೀಡುವ ಅಧಿಕಾರ 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಯದ್ದು. ಬಳಿಕ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮ ವಿಚಾರಿಸುತ್ತಾರೆ. ಮನೆಗೆ ಅಧಿಕಾರಿ ಬರುವುದು ಅವಮಾನ ಎಂದು ತಿಳಿಯಬೇಡಿ. ಅವರು ಬರುವುದು ಮಗುವಿಗಾಗಿ. ಬಂಧುಗಳ ಮಗುವನ್ನು ಪಡೆಯಲೂ ಇದೇ ಕಾಯ್ದೆಯ 56ನೇ ಕಲಮಿನಲ್ಲಿ ಅವಕಾಶವಿದೆ. ಅದರಲ್ಲಿ ಧರ್ಮದ ಭೇದವಿಲ್ಲ. ನಮ್ಮ ಊರಿನ ಆ ಕುಟುಂಬದಂತಹವರಿಗೆ ಇಂದು ಈ ಬಾಗಿಲು ತೆರೆದಿದೆ.

ಆದರೆ ಈ ಕಾಯ್ದೆಯಡಿಯ ದತ್ತು ಆದೇಶವು ಮಗುವನ್ನು ಕಾನೂನಿನ ದೃಷ್ಟಿಯಲ್ಲಿ ಎಲ್ಲ ರೀತಿಯಲ್ಲೂ ದತ್ತು ಪಡೆದವರ ಮಗುವನ್ನಾಗಿ ಮಾಡುತ್ತದೆ. ಹೆತ್ತವರೊಂದಿಗಿನ ಕಾನೂನು ಸಂಬಂಧ ಕಡಿದುಹೋಗುತ್ತದೆ. ಇದು ಅಲ್ ಅಹ್‌ಝಾಬ್‌ನ ಆದೇಶಕ್ಕೆ ಹೊಂದದು ಎಂದು ನಮ್ಮ ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅದೇ ಸಮಯದಲ್ಲಿ ಒಂದು ವಾಸ್ತವವನ್ನು ಅವರ ಮುಂದಿಡಲು ಬಯಸುತ್ತೇನೆ. ಯಾರೋ ಬಿಟ್ಟುಹೋದ ಎಳೆಗೂಸನ್ನು ಕಾಯಂ ಆಗಿ ಮನೆಗೆ ಕರೆತರಲು ಇಂದು ಕಾನೂನು ತೆರೆದಿಟ್ಟಿರುವ ಬಾಗಿಲು ಬಹುತೇಕ ಇದೊಂದೇ. ಕಾಗದದಲ್ಲಿ ಏನೇ ಬರೆದಿದ್ದರೂ ಮನೆಯಲ್ಲಿ ಸತ್ಯವನ್ನು ಮುಚ್ಚಿಡದೆ, ಮಗುವಿನ ಮೂಲದ ದಾಖಲೆಯನ್ನು ಜೋಪಾನವಾಗಿಟ್ಟು, ಮಹ್ರಮ್ ಮತ್ತು ವಾರಸಿನ ವಿಷಯದಲ್ಲಿ ಶರೀಅತ್‌ನಂತೆ ನಡೆದರೆ, ಆ ಸೂಕ್ತ ತಡೆಯಬಯಸಿದ ಸುಳ್ಳು ಅಲ್ಲಿ ಇರುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ನಾನು ಫತ್ವಾ ಕೊಡುವವನಲ್ಲ. ನೀವು ನಂಬುವ ಆಲಿಮರಲ್ಲಿ ಕೇಳಿ ತೀರ್ಮಾನಿಸಿ. ಆದರೆ ಕೇಳುವಾಗ, "ಇದು ಹರಾಮೇ?" ಎಂದಷ್ಟೇ ಕೇಳಬೇಡಿ. "ಈ ಮಗುವನ್ನು ಧರ್ಮಸಮ್ಮತವಾಗಿ ಮನೆಗೆ ತರುವುದು ಹೇಗೆ?" ಎಂದು ಕೇಳಿ. ಮೊದಲ ಪ್ರಶ್ನೆಗೆ ಬರುವ ಉತ್ತರ ಬಾಗಿಲು ಮುಚ್ಚುತ್ತದೆ. ಎರಡನೆಯದಕ್ಕೆ ಬರುವ ಉತ್ತರ ದಾರಿ ತೋರುತ್ತದೆ.

ನಾಲ್ಕನೆಯ ದಾರಿಯೊಂದಿದೆ. ಅದು ದಾರಿಯಲ್ಲ, ಪ್ರಪಾತ. ಆಸ್ಪತ್ರೆಯ ಆಯಾಳ ಮೂಲಕ, ದಲ್ಲಾಳಿಯ ಮೂಲಕ, ಮದುವೆಯಾಗದ ತಾಯಿಯ ಸಂಕಟವನ್ನು ಬಳಸಿಕೊಂಡು ಮಗುವನ್ನು ಗುಟ್ಟಾಗಿ ತಂದು, ಹೆರಿಗೆಯೇ ನಮ್ಮದೆಂದು ದಾಖಲೆ ಮಾಡಿಸುವುದು. ಕಾನೂನಿನ ಕ್ರಮ ಮೀರಿ ಮಗುವನ್ನು ಕೊಟ್ಟು ತೆಗೆದುಕೊಳ್ಳುವುದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಇದೆ. ಹಣ ಕೊಟ್ಟು ಕೊಂಡರೆ ಶಿಕ್ಷೆ ಐದು ವರ್ಷದವರೆಗೆ ಏರುತ್ತದೆ. ಮಕ್ಕಳಿಗಾಗಿ ಹಂಬಲಿಸುವ ಒಳ್ಳೆಯ ಮನುಷ್ಯರೂ ಇಲ್ಲಿ ಜಾರುತ್ತಾರೆ. ಶಿಕ್ಷೆಯ ಮಾತು ಬದಿಗಿರಲಿ. ಆ ಮಗುವನ್ನು ತಾಯಿಯಿಂದ ಕದ್ದು ತಂದಿಲ್ಲ ಎಂಬುದಕ್ಕೆ ನಿಮ್ಮ ಬಳಿ ಏನು ಆಧಾರವಿದೆ? ಪರಿತ್ಯಕ್ತ ಶಿಶು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ.

ಇನ್ನು ಮನೆಯೊಳಗಿನ ಪ್ರಶ್ನೆಗಳು. ಸಹೋದರಿಯರು ಹೆಚ್ಚಾಗಿ ಕೇಳುವುದು ಪರ್ದಾ ಮತ್ತು ಮಹ್ರಮ್ ಬಗ್ಗೆ. ಸಾಕಿದ ಹುಡುಗ ದೊಡ್ಡವನಾದಾಗ, ಸಾಕಿದ ಹುಡುಗಿ ಪ್ರಾಯಕ್ಕೆ ಬಂದಾಗ ಏನು ಮಾಡುವುದು? ಶರೀಅತ್‌ನಲ್ಲಿ ಎದೆಹಾಲಿನ ಸಂಬಂಧ ರಕ್ತಸಂಬಂಧದಂತೆಯೇ ವಿವಾಹವನ್ನು ನಿಷೇಧಿಸುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಸಾಕುತಾಯಿಯೇ ಹಾಲುಣಿಸಿದರೆ, ಅಥವಾ ಹೆಣ್ಣು ಮಗುವಿಗೆ ಗಂಡನ ಸಹೋದರಿ, ಗಂಡು ಮಗುವಿಗೆ ಹೆಂಡತಿಯ ಸಹೋದರಿ ಹಾಲುಣಿಸಿದರೆ ಈ ಸಮಸ್ಯೆ ಬಗೆಹರಿಯುತ್ತದೆ. ಶಾಫಿಈ ಮದ್ಹಬ್‌ನಲ್ಲಿ ಐದು ಬಾರಿ ಪೂರ್ಣವಾಗಿ ಉಣಿಸಿರಬೇಕು. ಹನಫೀ ಮದ್ಹಬ್‌ನಲ್ಲಿ ಒಮ್ಮೆ ಉಣಿಸಿದರೂ ಸಾಕು. ಹೆರದ ತಾಯಿಗೂ ವೈದ್ಯಕೀಯ ನೆರವಿನಿಂದ ಹಾಲು ಬರಿಸಲು ಇಂದು ಸಾಧ್ಯವಿದೆ. ಆದರೆ ಅದು ತಜ್ಞ ವೈದ್ಯರ ಸಲಹೆಯಂತೆಯೇ ನಡೆಯಬೇಕು. ಯಾರು ಉಣಿಸಿದರು, ಯಾವಾಗ, ಸಾಕ್ಷಿ ಯಾರು ಎಂಬುದನ್ನು ಬರೆದಿಡಿ. ಹಾಲು ಕೊಟ್ಟಾಕೆಯ ಮಕ್ಕಳೆಲ್ಲರೂ ಈ ಮಗುವಿಗೆ ಒಡಹುಟ್ಟಿದವರಾಗುತ್ತಾರೆ. ಮಗು ದೊಡ್ಡದಾಗಿದ್ದರೆ ಈ ದಾರಿ ಇಲ್ಲ. ಆಗ ನಮ್ಮ ಅವಿಭಕ್ತ ಮನೆಗಳಲ್ಲಿ ಭಾವ, ಮೈದುನರೊಂದಿಗೆ ಪಾಲಿಸುವ ಮರ್ಯಾದೆಯನ್ನೇ ಪಾಲಿಸಿದರೆ ಆಯಿತು. ಅದಕ್ಕಾಗಿ ಮಗುವನ್ನೇ ನಿರಾಕರಿಸಬೇಕಿಲ್ಲ.

ಎರಡನೆಯದು ಆಸ್ತಿ. ಸಾಕಿದ ಮಗು ಶರೀಅತ್‌ನಂತೆ ತಾನಾಗಿಯೇ ವಾರಸುದಾರನಾಗುವುದಿಲ್ಲ. ಇದನ್ನು ನೆಪವಾಗಿಟ್ಟುಕೊಂಡು ಸಾಕುತಂದೆಯ ಮರಣದ ಮೂರನೆಯ ದಿನವೇ ಬಂಧುಗಳು ಆ ಮಗುವನ್ನು ಮನೆಯಿಂದ ಹೊರಹಾಕಿದ ಪ್ರಸಂಗಗಳನ್ನು ಪತ್ರಕರ್ತನಾಗಿ ನಾನು ಕೇಳಿದ್ದೇನೆ. ತಪ್ಪು ಶರೀಅತ್‌ನದ್ದಲ್ಲ, ಜೀವಂತ ಇರುವಾಗ ಏನೂ ಮಾಡದ ಸಾಕುತಂದೆಯದು. ವಾರಸುದಾರರಲ್ಲದವರಿಗೆ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯಲು ಅವಕಾಶವಿದೆ. ಬದುಕಿರುವಾಗಲೇ ಹಿಬಾ, ಅಂದರೆ ದಾನ ಕೊಡಲು ಅಂತಹ ಮಿತಿಯೂ ಇಲ್ಲ. ಕೊಡುವ ಮಾತು, ಸ್ವೀಕಾರ, ಸ್ವಾಧೀನ ಈ ಮೂರೂ ಆಗಿರಬೇಕು. ಬಾಯಿಮಾತಿನ ಹಿಬಾ ಸಿಂಧುವಾದರೂ ಬರೆದು ನೋಂದಾಯಿಸುವುದೇ ಕ್ಷೇಮ. ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆದವರೂ ಇದನ್ನು ಮಾಡಬೇಕು. ಕಾಯ್ದೆಯ ಪಾಲು ಮತ್ತು ಶರೀಅತ್‌ನ ಪಾಲುಗಳ ನಡುವೆ ನಾಳೆ ಮಗು ನ್ಯಾಯಾಲಯ ಅಲೆಯುವಂತಾಗಬಾರದು. ಮಗುವನ್ನು ತಂದ ವರ್ಷವೇ ವಕೀಲರಲ್ಲಿಗೆ ಹೋಗಿ. ಮರಣ ನಮ್ಮ ಅನುಕೂಲ ನೋಡಿ ಬರುವುದಿಲ್ಲ.

ಮೂರನೆಯದು ಸತ್ಯ. ಮಗುವಿಗೆ ಯಾವಾಗ ಹೇಳಬೇಕು? ಹೇಳುವ ಒಂದು ದಿನ ಅಂತ ಇರಲೇಬಾರದು. ಮಾತು ಕಲಿಯುವ ವಯಸ್ಸಿನಿಂದಲೇ ಕತೆಯಂತೆ ಹೇಳುತ್ತಾ ಬನ್ನಿ. ನೀನು ಇನ್ನೊಬ್ಬ ತಾಯಿಯ ಹೊಟ್ಟೆಯಲ್ಲಿ ಬೆಳೆದೆ, ಅಲ್ಲಾಹನು ನಿನ್ನನ್ನು ನಮಗೆ ಅಮಾನತ್ ಆಗಿ ಕೊಟ್ಟ ಎಂದು ಹೇಳಿ. ಯಾವಾಗ ತಿಳಿಯಿತು ಎಂಬುದೇ ನೆನಪಿಲ್ಲದಷ್ಟು ಸಹಜವಾಗಿ ಅದು ತಿಳಿದಿರಲಿ. ಹೆತ್ತ ತಾಯಿಯನ್ನು ಎಂದೂ ಹೀಗಳೆಯಬೇಡಿ. ಹೆತ್ತವಳನ್ನು ಹೀಗಳೆದರೆ ಮಗು ತನ್ನನ್ನೇ ಹೀಗಳೆದಂತೆ ಭಾವಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ನಿಮ್ಮ ಮನಸ್ಸಿಗೆ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ. ಈ ನಿರ್ಧಾರ ಗಂಡ ಹೆಂಡಿರಿಬ್ಬರದ್ದೇ, ಅಥವಾ ಒಬ್ಬರ ಒತ್ತಾಯವೇ? ಮನೆಯಲ್ಲಿರುವ ಅತ್ತೆ ಮಾವಂದಿರು ಆ ಮಗುವನ್ನು ಮೊಮ್ಮಗುವಿನಂತೆ ಮಡಿಲಿಗೆ ಎತ್ತಿಕೊಳ್ಳುವರೇ? ಈಗಾಗಲೇ ಮಕ್ಕಳಿದ್ದರೆ ಅವರೊಂದಿಗೆ ಮಾತನಾಡಿದ್ದೀರಾ? ಮುಂದೆ ನಿಮಗೆ ಸ್ವಂತ ಮಗು ಹುಟ್ಟಿದರೆ ಈ ಮಗುವಿನ ಸ್ಥಾನ ಅಲುಗದೇ? ಕಪ್ಪು ಮೈಬಣ್ಣದ, ಕಾಯಿಲೆಯ, ಐದಾರು ವರ್ಷ ದಾಟಿದ ಮಗು ಸಿಕ್ಕಿದರೆ ಒಪ್ಪುವಿರಾ, ಅಥವಾ ಬಿಳಿ ಗೊಂಬೆಯೇ ಬೇಕೇ? ಕೊನೆಯದು ಎಲ್ಲಕ್ಕಿಂತ ಕಠಿಣ ಪ್ರಶ್ನೆ: ನೀವು ಮಗುವನ್ನು ತರುತ್ತಿದ್ದೀರೋ, ಕೆಲಸದವಳನ್ನು ತರುತ್ತಿದ್ದೀರೋ? ನಮ್ಮ ಎಷ್ಟೋ ಶ್ರೀಮಂತ ಮನೆಗಳಲ್ಲಿ "ಮಗಳಂತೆ ಸಾಕುತ್ತಿದ್ದೇವೆ" ಎಂದು ಹೇಳಲಾಗುವ ಬಡ ಹುಡುಗಿಯರಿದ್ದಾರೆ. ಅವರು ಶಾಲೆಗೆ ಹೋಗುವುದಿಲ್ಲ. ಮನೆಯ ಮಗು ಮೇಜಿನಲ್ಲಿ ಕುಳಿತಿರುವಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಅನಾಥರನ್ನು ದಬ್ಬುವವನ ನಮಾಝ್‌ನ ಬಗ್ಗೆ ಅಲ್ ಮಾಊನ್ ಅಧ್ಯಾಯ ಎಷ್ಟು ಕಠಿಣವಾಗಿ ಮಾತನಾಡಿದೆ ಎಂಬುದನ್ನು ಇಂದು ರಾತ್ರಿ ಮನೆಗೆ ಹೋಗಿ ಒಮ್ಮೆ ಓದಿ.

ಮಕ್ಕಳಿಲ್ಲದ ದಂಪತಿಯ ಬಂಧುಗಳಲ್ಲಿಯೂ ಒಂದು ಮನವಿ. ಸಮಾರಂಭಗಳಲ್ಲಿ ಆ ಸಹೋದರಿಯನ್ನು "ಏನೂ ವಿಶೇಷವಿಲ್ಲವೇ?" ಎಂದು ಕೇಳಬೇಡಿ. ಗಂಡನಿಗೆ ಇನ್ನೊಂದು ಮದುವೆಯ ಸಲಹೆ ಕೊಡಲು ಮುಂದಾಗುವವರು, ಒಂದು ಮಗುವಿನ ಹೊಣೆ ಹೊರುವ ಸಲಹೆಯನ್ನು ಏಕೆ ಕೊಡುವುದಿಲ್ಲ? ಅವರು ಮಗುವೊಂದನ್ನು ತಂದ ದಿನ "ಎಲ್ಲಿಯದು? ಯಾರದು?" ಎಂದು ವಿಚಾರಣೆ ನಡೆಸದೆ, ಸಿಹಿ ತೆಗೆದುಕೊಂಡು ಹೋಗಿ ಮಗುವನ್ನು ಎತ್ತಿಕೊಳ್ಳಿ.

ಜಮಾಅತ್‌ಗಳು ಮಾಡಬಹುದಾದ ಕೆಲಸಗಳೂ ಇವೆ. ತಮ್ಮ ವ್ಯಾಪ್ತಿಯಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳ ಪಟ್ಟಿ ಇರಲಿ. ಅವರನ್ನು ಸಾಕುವ ತಾಯಿಗೆ ನೆರವು ಸಿಕ್ಕಿದರೆ ಮಗು ಯತೀಮ್‌ಖಾನಾದ ಗೇಟು ನೋಡಬೇಕಾಗಿಯೇ ಇಲ್ಲ. ತಾಯಿಯ ಮಡಿಲನ್ನು ಉಳಿಸುವುದು ಮೊದಲ ಕಫಾಲತ್. ವರ್ಷಕ್ಕೊಮ್ಮೆಯಾದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯನ್ನು ಕರೆಸಿ ಮಾಹಿತಿ ಕೊಡಿಸಿ. ನಿಕಾಹ್ ದಫ್ತರದಲ್ಲಿ ಸಾಕಿದವರ ಹೆಸರಿಗೂ ಒಂದು ಸಾಲು ಮೀಸಲಿಡಿ. ತಂದೆಯ ಹೆಸರು ತಂದೆಯ ಜಾಗದಲ್ಲಿ ಇರಲಿ, ಬೆಳೆಸಿದವರ ಹೆಸರು ಅದರ ಕೆಳಗೆ ಗೌರವದಿಂದ ಇರಲಿ.

ನಮ್ಮ ಊರಿನ ಆ ಹುಡುಗಿ ಇಂದು ಎರಡು ಮಕ್ಕಳ ತಾಯಿ. ಸಾಕಿದ ದೊಡ್ಡಪ್ಪ ಕಾಯಿಲೆ ಬಿದ್ದಾಗ ಗಂಡನ ಮನೆಯಿಂದ ಬಂದು ಕೊನೆಯ ದಿನದವರೆಗೂ ಆರೈಕೆ ಮಾಡಿದ್ದು ಆಕೆಯೇ. ಆಕೆ ಅವರನ್ನು ಉಪ್ಪ ಎಂದೇ ಕರೆಯುತ್ತಿದ್ದಳು. ಸತ್ಯ ತಿಳಿದ ಮೇಲೂ ಆ ಕರೆ ಬದಲಾಗಲಿಲ್ಲ. ಸತ್ಯ ಹೇಳಿದರೆ ಮಗು ಕೈತಪ್ಪುತ್ತದೆ ಎಂದು ಅವರು ಇಪ್ಪತ್ತು ವರ್ಷ ಹೆದರಿದ್ದು ವ್ಯರ್ಥವಾಗಿತ್ತು.

ಆ ಹೆದರಿಕೆ ನಿಮಗೆ ಬೇಡ. ಬಾಗಿಲು ತೆರೆಯಿರಿ, ಸತ್ಯದೊಂದಿಗೆ ತೆರೆಯಿರಿ. ನಮ್ಮ ಮನೆಗಳನ್ನು ಅನಾಥರು ಗೌರವದಿಂದ ಬಾಳುವ ಮನೆಗಳನ್ನಾಗಿ ಅಲ್ಲಾಹನು ಮಾಡಲಿ. ಆಮೀನ್.